ಶಿವಾ ಮನೆಯಲ್ಲಿ ಕೂರುವುದು ಹೇಗೆ? ಯೆಹೂದಿಗಳ ಸಾವು, ಶೋಕ, ನೆನಪಿನ ಬಗ್ಗೆ ಒಂದು ಸಮಗ್ರ ಮಾರ್ಗದರ್ಶಿ

ಮೊದಲು ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. ಯೆಹೂದಿಗಳು "ಶಿವಾ ಕೂತಿದ್ದಾರೆ" ಅಂದರೆ ಅದಕ್ಕೂ ನಮ್ಮ ಶಿವನಿಗೂ ಸಂಬಂಧವಿಲ್ಲ. ಹೀಬ್ರೂ ಭಾಷೆಯಲ್ಲಿ ಶಿವಾ ಅಂದರೆ ಏಳು. ಮಣ್ಣು ಮಾಡಿದ ಮೇಲೆ ಮನೆಯವರು ಏಳು ದಿನ ಹೊರಗೆ ಹೋಗದೆ ಮನೆಯಲ್ಲೇ ಕೂರುತ್ತಾರೆ. ಅದೇ ಶಿವಾ. ಇಸ್ರೇಲಿನ ಹೈಫಾ ಊರಿಗೆ ಹೋದ ಹೊಸತರಲ್ಲಿ "ಕೆಳಗಿನ ಮನೆಯವರು ಶಿವಾ ಕೂತಿದ್ದಾರೆ" ಅಂತ ಯಾರೋ ಹೇಳಿದಾಗ ನಾನು ಧ್ಯಾನ, ಯೋಗ ಏನೋ ಇರಬೇಕು ಅಂದುಕೊಂಡಿದ್ದೆ.

ನಮ್ಮ ಕರಾವಳಿಯಿಂದ ಕೇರ್‌ಗಿವರ್ ಕೆಲಸಕ್ಕೆ ಇಸ್ರೇಲಿಗೆ ಹೋದವರು ಬಹಳ ಜನ ಇದ್ದಾರೆ. ನಾನೂ ಅವರಲ್ಲಿ ಒಬ್ಬಳು. ರೊಮೇನಿಯಾದಲ್ಲಿ ಹುಟ್ಟಿದ ಒಬ್ಬ ಅಜ್ಜಿಯನ್ನು ಐದು ವರ್ಷ ನೋಡಿಕೊಂಡೆ. ಅಲ್ಲಿ ಅಜ್ಜಿಗೆ "ಸಾವ್ತಾ" ಅನ್ನುತ್ತಾರೆ. ಸಾವ್ತಾ 92ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮಗಳು, ಮಗನ ಜೊತೆ ಆ ಏಳು ದಿನ ನಾನೂ ಇದ್ದೆ. ತಪ್ಪುಗಳನ್ನೂ ಮಾಡಿದೆ.

ಅಮೆರಿಕದಲ್ಲಿರುವ ನನ್ನ ತಂಗಿ ಮೊನ್ನೆ ಫೋನ್ ಮಾಡಿದ್ದಳು. "ಅಕ್ಕಾ, ನನ್ನ ಆಫೀಸಿನವಳ ತಂದೆ ಹೋದರು, ಅವರು ಯೆಹೂದಿಗಳು. ಏನು ತಗೊಂಡು ಹೋಗಲಿ? ಏನು ಹೇಳಲಿ?" ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಯೆಹೂದಿಗಳಲ್ಲೂ ಮಡಿವಂತರಿದ್ದಾರೆ, ದೇವರನ್ನೇ ನಂಬದವರೂ ಇದ್ದಾರೆ. ಊರಿಂದ ಊರಿಗೆ, ಮನೆಯಿಂದ ಮನೆಗೆ ಪದ್ಧತಿ ಬದಲಾಗುತ್ತದೆ. ಆದರೆ ಸಾವಿನ ವಿಷಯಕ್ಕೆ ಬಂದರೆ ಪೂಜೆ ಪ್ರಾರ್ಥನೆ ಬಿಟ್ಟವರೂ ಶಿವಾ ಕೂರುವುದನ್ನು ನಾನು ನೋಡಿದ್ದೇನೆ.

ಹೆಜ್ಜೆ 1: ಸುದ್ದಿ ಬಂದಾಗ ಸಮಾಧಾನ ಹೇಳಲು ಹೋಗಬೇಡಿ

ಸಾವಿನ ಸುದ್ದಿ ಕೇಳಿದಾಗ ಯೆಹೂದಿಗಳು "ಬಾರೂಖ್ ದಯಾನ್ ಹಾಎಮೆತ್" ಅನ್ನುತ್ತಾರೆ. ಸತ್ಯದ ನ್ಯಾಯಾಧೀಶನಿಗೆ ಸ್ತುತಿ ಅಂತ ಅದರ ಅರ್ಥ. ನೀವು ಅದನ್ನು ಹೇಳಬೇಕಾಗಿಲ್ಲ. "ಸುದ್ದಿ ಕೇಳಿದೆ, ನಾನಿದ್ದೇನೆ" ಅಂತ ಒಂದು ಸಾಲು ಸಾಕು.

ಸಾವಿನಿಂದ ಮಣ್ಣಾಗುವವರೆಗಿನ ಸಮಯಕ್ಕೆ ಅವರಲ್ಲಿ ಬೇರೆಯೇ ಹೆಸರಿದೆ, ಅನಿನೂತ್. ಆ ಹೊತ್ತಿನಲ್ಲಿ ಮನೆಯವರಿಗೆ ದಿನದ ಪ್ರಾರ್ಥನೆಯಿಂದಲೂ ವಿನಾಯಿತಿ ಇದೆ. ಮಾಂಸ, ವೈನ್ ಮುಟ್ಟುವುದಿಲ್ಲ. ಅವರಿಗೆ ಇರುವುದು ಒಂದೇ ಕೆಲಸ, ತೀರಿಕೊಂಡವರನ್ನು ಮರ್ಯಾದೆಯಿಂದ ಮಣ್ಣಿಗೆ ಸೇರಿಸುವುದು. ಹಳೆಯ ಗುರುಗಳಲ್ಲಿ ಒಬ್ಬರಾದ ಶಿಮೋನ್ ಬೆನ್ ಎಲಾಜಾರ್ ಹೇಳಿದ ಮಾತೊಂದಿದೆ: ಶವ ಮುಂದೆ ಮಲಗಿರುವಾಗ ಯಾರಿಗೂ ಸಾಂತ್ವನ ಹೇಳಬೇಡ. ಎಷ್ಟು ಸರಿಯಾದ ಮಾತು ಅಲ್ವಾ! ಆಗ ಯಾವ ಮಾತೂ ಕಿವಿಗೆ ಹೋಗುವುದಿಲ್ಲ. ಕಾರು ಓಡಿಸುವವರು ಬೇಕು, ಫೋನ್ ಎತ್ತುವವರು ಬೇಕು, ಮಕ್ಕಳನ್ನು ನೋಡಿಕೊಳ್ಳುವವರು ಬೇಕು. ಅದನ್ನು ಮಾಡಿ.

ಮತ್ತೆ, ಬೇಗ ಹೊರಡಿ. ಮಣ್ಣು ಮಾಡುವುದನ್ನು ಮುಂದಕ್ಕೆ ಹಾಕುವುದು ಅವರಿಗೆ ಇಷ್ಟವಾಗುವುದಿಲ್ಲ. ಸಾವ್ತಾ ಬೆಳಗಿನ ಜಾವ ಹೋದರು, ಮಧ್ಯಾಹ್ನ ಮೂರು ಗಂಟೆಗೆ ಎಲ್ಲ ಮುಗಿದಿತ್ತು. ಜೆರುಸಲೇಮಿನಲ್ಲಂತೂ ರಾತ್ರಿ ಹೊತ್ತೂ ಅಂತ್ಯಕ್ರಿಯೆ ನಡೆಯುತ್ತದೆ. ವಿದೇಶದಿಂದ ಮಕ್ಕಳು ಬರಬೇಕು ಅಂತಿದ್ದರೆ ಕಾಯುತ್ತಾರೆ. ಶಬ್ಬತ್ ದಿನ, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗೆ, ಮಣ್ಣು ಮಾಡುವುದಿಲ್ಲ. ಇಸ್ರೇಲಿನಲ್ಲಿ ಮನೆ ಗೇಟಿಗೆ, ಬೀದಿ ಗೋಡೆಗೆ ಕಪ್ಪು ಅಂಚಿನ ಕಾಗದ ಅಂಟಿಸುತ್ತಾರೆ. ಸ್ಮಶಾನ ಯಾವುದು, ಸಮಯ ಎಷ್ಟು, ಶಿವಾ ಯಾರ ಮನೆಯಲ್ಲಿ ಅಂತ ಅದರಲ್ಲಿ ಬರೆದಿರುತ್ತದೆ.

ಹೆಜ್ಜೆ 2: ಸ್ಮಶಾನದಲ್ಲಿ

ಶವಕ್ಕೆ ಸ್ನಾನ ಮಾಡಿಸಲು ಹೆವ್ರಾ ಕದೀಶಾ ಅನ್ನುವ ತಂಡವಿರುತ್ತದೆ. ಹೆಣ್ಣಿಗೆ ಹೆಂಗಸರು, ಗಂಡಿಗೆ ಗಂಡಸರು. ಅವರು ಮಾಡುವ ಕೆಲಸವನ್ನು ಸತ್ಯದ ದಯೆ ಅನ್ನುತ್ತಾರೆ. ಬದುಕಿರುವವರಿಗೆ ಮಾಡಿದ ಉಪಕಾರ ಯಾವತ್ತಾದರೂ ವಾಪಸ್ ಬರಬಹುದು, ಸತ್ತವರಿಗೆ ಮಾಡಿದ್ದು ಬರುವುದಿಲ್ಲ. ಅದಕ್ಕೇ ಅದು ನಿಜವಾದ ದಯೆ. ಐದು ವರ್ಷ ಸಾವ್ತಾಗೆ ದಿನಾ ಸ್ನಾನ ಮಾಡಿಸಿದವಳು ನಾನು. ಕೊನೆಯ ಸ್ನಾನಕ್ಕೆ ನನ್ನನ್ನು ಒಳಗೆ ಬಿಡಲಿಲ್ಲ. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ.

ಸ್ನಾನದ ಮೇಲೆ ಬಿಳಿ ಬಟ್ಟೆ. ಸಾದಾ, ಕೈಯಲ್ಲಿ ಹೊಲಿದದ್ದು, ಜೇಬಿಲ್ಲದ್ದು. ಶ್ರೀಮಂತರಿಗೂ ಅದೇ, ಬಡವರಿಗೂ ಅದೇ. ಇದರ ಹಿಂದೆ ಅವರ ಹಳೆಯ ಧರ್ಮಶಾಸ್ತ್ರ ಗ್ರಂಥ ತಾಲ್ಮುಡ್‌ನಲ್ಲಿ ಒಂದು ಕಥೆಯಿದೆ. ಒಂದು ಕಾಲದಲ್ಲಿ ಸಾವಿಗಿಂತ ಸಾವಿನ ಖರ್ಚೇ ಮನೆಯವರಿಗೆ ಭಾರವಾಗಿತ್ತಂತೆ. ಎಷ್ಟೆಂದರೆ, ಶವ ಬಿಟ್ಟು ಓಡಿಹೋಗುತ್ತಿದ್ದರಂತೆ. ಆಗ ರಬ್ಬಾನ್ ಗಮ್ಲಿಯೇಲ್ ಅನ್ನುವ ದೊಡ್ಡ ಗುರು, ತನ್ನನ್ನು ಸಾದಾ ನಾರುಬಟ್ಟೆಯಲ್ಲೇ ಕಳಿಸಬೇಕು ಅಂದರು. ದೊಡ್ಡ ಮನುಷ್ಯನೇ ಹಾಗೆ ಹೋದ ಮೇಲೆ ಉಳಿದವರಿಗೆ ನಾಚಿಕೆ ಉಳಿಯಲಿಲ್ಲ. ಸಾಲ ಮಾಡಿ ಊರಿಗೆಲ್ಲ ಬೊಜ್ಜದ (ಉತ್ತರಕ್ರಿಯೆಯ) ಊಟ ಹಾಕಿಸುವ ನಮ್ಮ ಕಡೆಯ ಮನೆಗಳು ನೆನಪಾದವು ನನಗೆ.

ಅಲ್ಲಿ ನಿಮಗೆ ಕಾಣುವುದು, ನೀವು ಮಾಡಬೇಕಾದದ್ದು:

ಮೈ ಮುಚ್ಚುವ ಸಾದಾ ಬಟ್ಟೆ ಹಾಕಿ. ಗಂಡಸರು ತಲೆಗೆ ಟೋಪಿ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಅಲ್ಲೇ ಸಿಗುತ್ತದೆ. ಹೂವಿನ ಹಾರ ಬೇಡ. ಇಸ್ರೇಲಿನಲ್ಲಿ ಸಾಮಾನ್ಯವಾಗಿ ಪೆಟ್ಟಿಗೆಯಿಲ್ಲದೆ, ಬಟ್ಟೆ ಸುತ್ತಿದ ದೇಹವನ್ನೇ ಮಣ್ಣಿಗೆ ಇಳಿಸುತ್ತಾರೆ. ನೋಡಿ ಗಾಬರಿಯಾಗಬೇಡಿ. ಅಮೆರಿಕದಲ್ಲಾದರೆ ಸಾದಾ ಮರದ ಪೆಟ್ಟಿಗೆ ಇರುತ್ತದೆ. "ಸುಡುವುದಿಲ್ಲವಾ?" ಅಂತ ಮಾತ್ರ ಕೇಳಬೇಡಿ. ಹಳೆಯ ಪದ್ಧತಿಯಲ್ಲಿ ದಹನಕ್ಕೆ ಒಪ್ಪಿಗೆಯಿಲ್ಲ, ಮೇಲಾಗಿ ಕಳೆದ ಶತಮಾನದಲ್ಲಿ ಯುರೋಪಿನ ಯೆಹೂದಿಗಳಿಗೆ ಏನಾಯಿತು ಅನ್ನುವುದು ಎಲ್ಲರಿಗೂ ಗೊತ್ತು.

ಹತ್ತಿರದವರು ಎದ್ದು ನಿಂತು ಉಟ್ಟ ಬಟ್ಟೆಯನ್ನು ಹರಿಯುತ್ತಾರೆ. ಇದಕ್ಕೆ ಕ್ರಿಯಾ ಅಂತ ಹೆಸರು (ನಮ್ಮ ಕ್ರಿಯೆ ಅಲ್ಲ, ಇದೂ ಹೀಬ್ರೂ ಪದ, ಹರಿಯುವುದು ಅಂತ ಅರ್ಥ). ತಂದೆ ತಾಯಿಗಾದರೆ ಎಡಗಡೆ, ಎದೆಯ ಮೇಲೆ. ಉಳಿದವರಿಗೆ ಬಲಗಡೆ. ಯೋಸೇಫ ಸತ್ತ ಅಂದುಕೊಂಡು ಅವನ ತಂದೆ ಯಾಕೋಬ ಬಟ್ಟೆ ಹರಿದುಕೊಂಡದ್ದು ಬೈಬಲಿನ ಆದಿಕಾಂಡದಲ್ಲಿದೆ. ಅಮೆರಿಕದಲ್ಲಿ ಎಷ್ಟೋ ಜನ ಬಟ್ಟೆಗೆ ಕಪ್ಪು ರಿಬ್ಬನ್ ಚುಚ್ಚಿ ಅದನ್ನು ಹರಿಯುತ್ತಾರೆ. ಸಾವ್ತಾ ಮಗಳ ಅಂಗಿಯ ಅಂಚನ್ನು ಬ್ಲೇಡಿನಿಂದ ಸ್ವಲ್ಪ ಕತ್ತರಿಸಿದರು, ಉಳಿದದ್ದನ್ನು ಅವರೇ ಕೈಯಿಂದ ಹರಿದರು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಮಣ್ಣು ಹಾಕುವಾಗ ಸಲಿಕೆಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಒಬ್ಬರು ಮಣ್ಣಿಗೆ ಚುಚ್ಚಿ ಬಿಡುತ್ತಾರೆ, ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಮೊದಲ ಸಲಿಕೆ ಮಣ್ಣನ್ನು ಕೆಲವರು ಸಲಿಕೆಯ ಬೆನ್ನಿನಿಂದ ಹಾಕುತ್ತಾರೆ. ಈ ಕೆಲಸಕ್ಕೆ ಕೈ ಓಡುತ್ತಿಲ್ಲ ಅನ್ನುವಂತೆ. ನಿಮ್ಮನ್ನೂ ಕರೆದರೆ ಹೋಗಿ ಹಾಕಿ, ಸಂಕೋಚ ಬೇಡ.

ಯಾರಾದರೂ ಸ್ಮಶಾನದ ಹೊರಗೇ ನಿಂತಿದ್ದರೆ ತಪ್ಪು ತಿಳಿಯಬೇಡಿ. ಅವರು ಬಹುಶಃ ಕೋಹೆನ್, ಅಂದರೆ ಪುರೋಹಿತರ ವಂಶದವರು. ತೀರಾ ಹತ್ತಿರದ ರಕ್ತಸಂಬಂಧಿ ಅಥವಾ ಹೆಂಡತಿ ಹೋದಾಗ ಬಿಟ್ಟರೆ ಅವರು ಸಮಾಧಿಗಳ ನಡುವೆ ಕಾಲಿಡುವುದಿಲ್ಲ.

ಎಲ್ಲ ಮುಗಿದ ಮೇಲೆ ಬಂದವರು ಎರಡು ಸಾಲಾಗಿ ನಿಲ್ಲುತ್ತಾರೆ. ನಡುವಿನಿಂದ ಮನೆಯವರು ನಡೆದು ಹೋಗುತ್ತಾರೆ. ಇಲ್ಲಿಯವರೆಗೆ ಎಲ್ಲರ ಗಮನ ಸತ್ತವರ ಮೇಲಿತ್ತು, ಈ ಸಾಲಿನಿಂದ ಮುಂದೆ ಬದುಕಿರುವವರ ಮೇಲೆ. ಸಾಂತ್ವನ ಶುರುವಾಗುವುದು ಈಗ. ಹೊರಗೆ ಬರುವಾಗ ನಲ್ಲಿಯಲ್ಲಿ ಕೈ ತೊಳೆದುಕೊಳ್ಳಿ. ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹೆಜ್ಜೆ 3: ಮೊದಲ ಊಟ ಹೊರಗಿನವರದ್ದು

ನಮ್ಮಲ್ಲಿ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಪಕ್ಕದ ಮನೆಯಿಂದ ಗಂಜಿ ಬರುತ್ತದೆ. ಅಲ್ಲೂ ಹಾಗೆಯೇ. ಸ್ಮಶಾನದಿಂದ ಬಂದ ಮೇಲಿನ ಮೊದಲ ಊಟ ಮನೆಯವರ ಸ್ವಂತದ್ದು ಆಗಿರಬಾರದು. ನೆರೆಹೊರೆಯವರು ತಂದಿಡಬೇಕು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬೇಳೆ.

ಬೇಳೆ ಅಂದರೆ ನಮ್ಮ ಚನ್ನಂಗಿ ಬೇಳೆಯ ಕಾಳು. ಯಾಕೆ ಅದೇ? ಉಳಿದ ಕಾಳುಗಳಿಗೆ ಒಂದು ಬಾಯಿಯಂಥ ಸೀಳು ಇರುತ್ತದೆ, ಚನ್ನಂಗಿಗೆ ಇಲ್ಲ. ದುಃಖದಲ್ಲಿರುವವನಿಗೂ ಬಾಯಿ ಇಲ್ಲ, ಮಾತು ಬರುವುದಿಲ್ಲ. ಇನ್ನೊಂದು ಕಾರಣ, ಕಾಳು ದುಂಡಗಿದೆ. ದುಃಖವೂ ಹಾಗೇ ಉರುಳಿಕೊಂಡು ಇವತ್ತು ಇವರ ಮನೆಗೆ, ನಾಳೆ ಇನ್ನೊಬ್ಬರ ಮನೆಗೆ. ಯಾಕೋಬ ಬೇಳೆ ಸಾರು ಮಾಡುತ್ತಿದ್ದಾಗ ಅಣ್ಣ ಏಸಾವ ಹಸಿದು ಬಂದ ಕಥೆ ಬೈಬಲ್ ಓದಿದವರಿಗೆ ಗೊತ್ತು. ತಾಲ್ಮುಡ್ ಅದಕ್ಕೆ ಒಂದು ಮಾತು ಸೇರಿಸುತ್ತದೆ: ಅವತ್ತು ಅಜ್ಜ ಅಬ್ರಹಾಮ ತೀರಿಕೊಂಡಿದ್ದ. ಶೋಕದಲ್ಲಿದ್ದ ಅಪ್ಪ ಇಸಾಕನಿಗಾಗಿ ಯಾಕೋಬ ಆ ಬೇಳೆ ಬೇಯಿಸುತ್ತಿದ್ದ.

ನೀವು ಏನು ತಗೊಂಡು ಹೋಗಬೇಕು? ಇಲ್ಲಿ ಹುಷಾರು. ಮನೆಯವರು ಕೋಷರ್ ಪಾಲಿಸುವವರಾದರೆ, ಅಂದರೆ ಅವರ ಆಹಾರದ ನಿಯಮಕ್ಕೆ ಬದ್ಧರಾದರೆ, ನಿಮ್ಮ ಅಡುಗೆಮನೆಯಲ್ಲಿ ಮಾಡಿದ್ದನ್ನು ತಿನ್ನುವಂತಿಲ್ಲ. ಅಪ್ಪಟ ಸಸ್ಯಾಹಾರ ಆದರೂ ಅಷ್ಟೇ, ನಿಮ್ಮ ಪಾತ್ರೆಯೇ ಆಗುವುದಿಲ್ಲ. ಹೆಚ್ಚದ ಹಣ್ಣುಗಳು ಯಾವ ಮನೆಗೂ ನಡೆಯುತ್ತವೆ. ಇಲ್ಲವಾದರೆ ಕೋಷರ್ ಮುದ್ರೆಯಿರುವ, ಸೀಲ್ ಒಡೆಯದ ಪ್ಯಾಕೆಟ್. ಹೂವಿನ ಬೊಕೆ ಬೇಡ. ದುಡ್ಡು ಖರ್ಚು ಮಾಡಲೇಬೇಕು ಅನಿಸಿದರೆ ತೀರಿಕೊಂಡವರ ಹೆಸರಲ್ಲಿ ಯಾವುದಾದರೂ ಒಳ್ಳೆಯ ಕೆಲಸಕ್ಕೆ ದಾನ ಕೊಡಿ. ಅವರು ಇದನ್ನು ತುಂಬಾ ಮೆಚ್ಚುತ್ತಾರೆ.

ಹೆಜ್ಜೆ 4: ದಿನ ಲೆಕ್ಕ ಹಾಕಿ

ಶಿವಾ ಕೂರಬೇಕಾದವರು ಏಳು ಸಂಬಂಧದವರು: ತಂದೆ, ತಾಯಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ, ಗಂಡ ಅಥವಾ ಹೆಂಡತಿ. ಮೊಮ್ಮಕ್ಕಳು, ಸೊಸೆ, ಅಳಿಯ ಅಳಬಹುದು, ಕೂರಬೇಕೆಂಬ ನಿಯಮವಿಲ್ಲ.

ಮಣ್ಣು ಮಾಡಿದ ದಿನವೇ ಒಂದನೇ ದಿನ. ಏಳನೇ ದಿನ ಬೆಳಿಗ್ಗೆ ಸ್ವಲ್ಪ ಹೊತ್ತು ಕೂತರೆ ಇಡೀ ದಿನ ಕೂತ ಲೆಕ್ಕ. ಹಾಗಾಗಿ ಸೋಮವಾರ ಮಧ್ಯಾಹ್ನ ಮಣ್ಣಾದರೆ ಮುಂದಿನ ಭಾನುವಾರ ಬೆಳಿಗ್ಗೆ ಶಿವಾ ಮುಗಿಯಿತು. ಭಾನುವಾರ ಸಂಜೆ ಹೋಗೋಣ ಅಂದುಕೊಂಡಿದ್ದರೆ ತಪ್ಪಿಹೋಗುತ್ತದೆ. ಮೊದಲ ಮೂರು ದಿನ ತೀರಾ ಹತ್ತಿರದವರಿಗೆ ಬಿಟ್ಟು, ಆಮೇಲೆ ಹೋಗುವುದು ವಾಸಿ. ಶಬ್ಬತ್ ದಿನ ಎಣಿಕೆಗೆ ಸೇರುತ್ತದೆ, ಆದರೆ ಅವತ್ತು ಎದುರಿಗೆ ಕಾಣುವಂತೆ ಶೋಕ ಮಾಡುವುದಿಲ್ಲ, ಭೇಟಿಗೂ ಹೋಗುವುದಿಲ್ಲ. ನಡುವೆ ಪೆಸಾಹ್, ಸುಕ್ಕೋತ್ ಥರದ ದೊಡ್ಡ ಹಬ್ಬ ಬಂದರೆ ಶಿವಾ ಅಲ್ಲಿಗೇ ನಿಲ್ಲುತ್ತದೆ. ಎರಡೇ ದಿನ ಕೂತಿದ್ದರೂ ಸರಿ.

ಹೆಜ್ಜೆ 5: ಒಳಗೆ ಹೋಗಿ, ಕೂರಿ, ಸುಮ್ಮನಿರಿ

ಬಾಗಿಲು ತೆರೆದಿರುತ್ತದೆ. ಬೆಲ್ ಒತ್ತಬೇಡಿ, ಸುಮ್ನೆ ಒಳಗೆ ಹೋಗಿ. "ಶಾಲೋಮ್" ಅನ್ನಬೇಡಿ, "ಹೇಗಿದ್ದೀರಿ" ಅನ್ನಬೇಡಿ. ಶೋಕದ ಮನೆಯಲ್ಲಿ ಕುಶಲ ಕೇಳುವಂತಿಲ್ಲ. ನಮಗೆ ಇದು ವಿಚಿತ್ರ ಅನಿಸುತ್ತದೆ. ಒಳಗೆ ಬಂದವರನ್ನು ಮಾತಾಡಿಸದಿದ್ದರೆ ನಮ್ಮಲ್ಲಿ ಅಹಂಕಾರ ಅನ್ನುತ್ತಾರೆ. ಅಲ್ಲಿ ಅದೇ ಮರ್ಯಾದೆ.

ಕನ್ನಡಿಗಳಿಗೆಲ್ಲ ಬಟ್ಟೆ ಹೊದಿಸಿರುತ್ತಾರೆ. ಕಾರಣ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಂದ ನೋಡಿಕೊಳ್ಳುವ ದಿನ ಇದಲ್ಲ ಅನ್ನುವುದು ನನಗೆ ಒಪ್ಪಿಗೆಯಾದ ಕಾರಣ. ಮನೆಯವರು ತಗ್ಗಿನ ಸ್ಟೂಲಿನ ಮೇಲೆ ಅಥವಾ ನೆಲದ ದಿಂಬಿನ ಮೇಲೆ ಕೂತಿರುತ್ತಾರೆ. ಕಾಲಿಗೆ ಚರ್ಮದ ಚಪ್ಪಲಿ ಇಲ್ಲ. ಗಡ್ಡ ತೆಗೆದಿಲ್ಲ. ಮೈಮೇಲೆ ಅದೇ ಹರಿದ ಅಂಗಿ. ಮೂಲೆಯಲ್ಲಿ ಏಳು ದಿನ ಉರಿಯುವ ದೀಪ. ತೋರಾ, ಅಂದರೆ ಅವರ ಧರ್ಮಗ್ರಂಥ, ಓದುವುದು ಸಂತೋಷದ ಕೆಲಸ, ಹಾಗಾಗಿ ಅದೂ ಇಲ್ಲ. ಬೈಬಲಿನ ಯೋಬನ ಕಥೆ, ಪ್ರಲಾಪಗಳು, ಯೆರೆಮೀಯನ ದುಃಖದ ಭಾಗ ಇಷ್ಟನ್ನು ಓದಬಹುದು.

ಮನೆಯವರು ನಿಮ್ಮನ್ನು ನೋಡಿ ಏಳುವುದಿಲ್ಲ, ಕಾಫಿ ಕೊಡುವುದಿಲ್ಲ. ಕಾಯಲೂ ಬೇಡಿ. ಬಾಯಾರಿಕೆಯಾದರೆ ನೀವೇ ಹೋಗಿ ಕುಡಿಯಿರಿ.

ಈಗ ಮುಖ್ಯ ವಿಷಯ. ಹೋಗಿ ಹತ್ತಿರ ಕೂರಿ, ಮಾತಾಡಬೇಡಿ. ಅವರು ಮೊದಲು ಮಾತಾಡುವವರೆಗೆ ಬಂದವರು ಬಾಯಿ ತೆರೆಯಬಾರದು ಅಂತ ತಾಲ್ಮುಡ್‌ನಲ್ಲಿ ರಬ್ಬಿ (ಧರ್ಮಗುರು) ಯೋಹಾನಾನ್ ಹೇಳುತ್ತಾರೆ. ಆಧಾರ ಯೋಬನ ಕಥೆ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನನ್ನು ನೋಡಲು ಮೂವರು ಗೆಳೆಯರು ಬಂದರು. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು. ಒಂದು ಮಾತೂ ಆಡಲಿಲ್ಲ. ಮೊದಲು ಮಾತಾಡಿದವನು ಯೋಬನೇ. ತಮಾಷೆ ನೋಡಿ, ಆ ಗೆಳೆಯರು ಕೆಟ್ಟದ್ದು ಬಾಯಿ ತೆರೆದ ಮೇಲೆ. ನೀನೇನೋ ಪಾಪ ಮಾಡಿರಬೇಕು ಅಂತ ಉಪದೇಶ ಶುರು ಮಾಡಿದರು. ಸುಮ್ಮನೆ ಕೂತಿದ್ದ ಏಳು ದಿನ ಅವರಷ್ಟು ಒಳ್ಳೆಯ ಗೆಳೆಯರಿರಲಿಲ್ಲ.

ನಾನು ಆ ತಪ್ಪನ್ನೇ ಮಾಡಿದೆ. ಎರಡನೇ ದಿನ ಸಾವ್ತಾ ಮಗಳ ಪಕ್ಕದಲ್ಲಿ ಕೂತವಳಿಗೆ ಮೌನ ತಡೆಯಲಾಗಲಿಲ್ಲ. "ವಯಸ್ಸಾಗಿತ್ತು, ನೋವಿಲ್ಲದೆ ಹೋದರು, ಪುಣ್ಯ" ಅಂದುಬಿಟ್ಟೆ. ನಮ್ಮೂರಲ್ಲಿ ಎಲ್ಲರೂ ಹೇಳುವ ಮಾತೇ ಅಲ್ವಾ? ಅವರು ಏನೂ ಹೇಳಲಿಲ್ಲ. ಎದ್ದು ಬಾಲ್ಕನಿಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಪಕ್ಕದ ಮನೆಯ ಅಂಕಲ್ ನನಗೆ ಅಡುಗೆಮನೆಯಲ್ಲಿ ಒಂದು ಕಥೆ ಹೇಳಿದರು.

ರಬ್ಬಾನ್ ಯೋಹಾನಾನ್ ಬೆನ್ ಜಕ್ಕಾಯ್ ಅಂತ ಸುಮಾರು 2000 ವರ್ಷದ ಹಿಂದಿನ ಮಹಾ ಗುರು. ಅವರ ಮಗ ತೀರಿಕೊಂಡ. ಶಿಷ್ಯರು ಒಬ್ಬೊಬ್ಬರಾಗಿ ಬಂದರು. ಮೊದಲನೆಯವನು, ಆದಾಮನೂ ಮಗನನ್ನು ಕಳೆದುಕೊಂಡ, ಸಮಾಧಾನ ಮಾಡಿಕೊಂಡ, ನೀವೂ ಮಾಡಿಕೊಳ್ಳಿ ಅಂದ. ಗುರು ಹೇಳಿದರು: ನನ್ನ ದುಃಖ ನನಗೆ ಸಾಲದು ಅಂತ ಆದಾಮನ ದುಃಖವನ್ನೂ ತಂದೆಯಾ? ಎರಡನೆಯವನು ಯೋಬನ ಹೆಸರೆತ್ತಿದ. ಮೂರನೆಯವನು ಆರೋನನ ಹೆಸರು. ನಾಲ್ಕನೆಯವನು ದಾವೀದನ ಹೆಸರು. ಎಲ್ಲರಿಗೂ ಅದೇ ಉತ್ತರ. ಕೊನೆಗೆ ಎಲಾಜಾರ್ ಬೆನ್ ಅರಾಖ್ ಬಂದ. ಅವನು ಹೇಳಿದ್ದು ಹೀಗೆ: ರಾಜ ಒಬ್ಬನ ಬಳಿ ಒಂದು ವಸ್ತುವನ್ನು ಜೋಪಾನಕ್ಕೆ ಕೊಟ್ಟಿದ್ದ. ಇದನ್ನು ಕೆಡದಂತೆ ಯಾವಾಗ ಒಪ್ಪಿಸುತ್ತೇನೋ ಅಂತ ಅವನು ದಿನಾ ಚಿಂತೆ ಮಾಡುತ್ತಿದ್ದ. ಗುರುಗಳೇ, ನಿಮ್ಮ ಮಗ ಓದಿದವನು, ಪಾಪ ಮಾಡದೆ ಹೋದವನು. ಕೊಟ್ಟದ್ದನ್ನು ಕೊಟ್ಟ ಹಾಗೇ ಒಪ್ಪಿಸಿದ್ದೀರಿ. ಆಗ ಗುರುವಿಗೆ ಸಮಾಧಾನವಾಯಿತು.

ಎಲಾಜಾರ್ ಗೆದ್ದದ್ದು ಆ ಉಪಮೆಯಿಂದ ಅಂತ ಅಂಕಲ್ ಹೇಳಿದರು. ನನಗೆ ಹಾಗನಿಸುವುದಿಲ್ಲ. ಮೊದಲ ನಾಲ್ಕು ಜನ ಯಾರ್ಯಾರದೋ ಮಕ್ಕಳ ಬಗ್ಗೆ ಮಾತಾಡಿದರು. ಐದನೆಯವನು ಮಾತ್ರ ಸತ್ತುಹೋದ ಆ ಹುಡುಗನ ಬಗ್ಗೆ ಮಾತಾಡಿದ.

ಹಾಗಾಗಿ ಇವನ್ನು ಹೇಳಬೇಡಿ: "ವಯಸ್ಸಾಗಿತ್ತು", "ದೇವರಿಗೆ ಇಷ್ಟವಾದರು", "ನಮ್ಮ ಮಾವನಿಗೂ ಇದೇ ಕಾಯಿಲೆ", "ಇನ್ನೊಂದು ಮಗು ಆಗುತ್ತೆ", "ಗಟ್ಟಿಯಾಗಿರಿ", "ಕರ್ಮ". ಕೊನೆಯದ್ದಂತೂ ಬೇಡವೇ ಬೇಡ. ಯಾವ ಡಾಕ್ಟರ್, ಯಾವ ಆಸ್ಪತ್ರೆ, ಬೇಗ ತೋರಿಸಿದ್ದರೆ ಅಂತ ವಿಚಾರಣೆಯೂ ಬೇಡ.

ಅವರು ಮಾತು ಶುರು ಮಾಡಿದರೆ ಕೇಳಿಸಿಕೊಳ್ಳಿ. ತೀರಿಕೊಂಡವರ ಹೆಸರು ಹಿಡಿದು ಮಾತಾಡಿ. ನಿಮಗೆ ಗೊತ್ತಿರುವ ಒಂದು ಸಣ್ಣ ಸಂಗತಿ ಹೇಳಿ. ಪರಿಚಯವಿರದಿದ್ದರೆ "ಅವರು ಹೇಗಿದ್ದರು, ಹೇಳಿ" ಅಂತ ಕೇಳಿ. ನಾಲ್ಕನೇ ದಿನ ಮಗಳೇ ನನ್ನನ್ನು ಕೇಳಿದರು, "ಅಮ್ಮ ನಿನ್ನನ್ನು ಯಾವುದಕ್ಕೆ ಜಾಸ್ತಿ ಬೈಯುತ್ತಿದ್ದರು?" ಮಮಲಿಗಾಕ್ಕೆ ಅಂದೆ. ಅದು ರೊಮೇನಿಯಾದವರ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಅದನ್ನು ದಾರದಿಂದ ಕತ್ತರಿಸಬೇಕು. ನಾನು ಚಾಕು ಹಿಡಿದೆ ಅಂದರೆ ಸಾವ್ತಾ ಮೂರು ಭಾಷೆಯಲ್ಲಿ ಬೈಯುತ್ತಿದ್ದರು. ಮಗಳು ನಕ್ಕರು. ನಗುತ್ತಲೇ ಅತ್ತರು. ಶಿವಾ ಮನೆಯಲ್ಲಿ ನಗು ಬಂದರೆ ತಪ್ಪಲ್ಲ.

ಆ ದಿನವೆಲ್ಲ ನಾನು ಬಂದವರಿಗೆ ನೀರು ಕೊಡುತ್ತಾ, ಲೋಟ ತೊಳೆಯುತ್ತಾ ಓಡಾಡುತ್ತಿದ್ದೆ. ಏಳು ಸಂಬಂಧದಲ್ಲಿ ನಾನು ಸೇರುವುದಿಲ್ಲ, ಸಂಬಳದ ಕೆಲಸದವಳು. ಮಗಳು ಕೈ ಹಿಡಿದು ಪಕ್ಕದಲ್ಲಿ ಒಂದು ದಿಂಬು ಹಾಕಿದರು. "ಲೋಟ ಅವರವರೇ ತೊಳೆದುಕೊಳ್ಳಲಿ, ನೀನು ಕೂರು."

ಹೆಜ್ಜೆ 6: ಏಳುವಾಗ

ಜಾಸ್ತಿ ಹೊತ್ತು ಬೇಡ. ಅರ್ಧ ಗಂಟೆ ಸಾಕು. ಮನೆಯವರು ತಲೆ ಅಲ್ಲಾಡಿಸಿದರೆ ಹೊರಡಿ ಅಂತ ಅರ್ಥ. ಎದ್ದು ನಿಂತು ಈ ಮಾತು ಹೇಳುತ್ತಾರೆ: "ಹಮಾಕೋಮ್ ಯೆನಹೇಮ್ ಎತ್ಖೆಮ್ ಬೆತೋಖ್ ಶೆಆರ್ ಅವೇಲೇ ತ್ಸಿಯೋನ್ ವಿರುಶಾಲಾಯಿಮ್." ತ್ಸಿಯೋನ್ (ಜೆರುಸಲೇಮಿನ ಬೆಟ್ಟ), ಜೆರುಸಲೇಮುಗಳಿಗಾಗಿ ಶೋಕಿಸುವ ಉಳಿದವರ ಜೊತೆ ದೇವರು ನಿಮಗೂ ಸಾಂತ್ವನ ಕೊಡಲಿ ಅಂತ ಅರ್ಥ. ಇಲ್ಲಿ ದೇವರಿಗೆ ಬಳಸುವ ಹೆಸರು ಹಮಾಕೋಮ್. ಅದರ ನೇರ ಅರ್ಥ "ಜಾಗ". ಒಬ್ಬರು ಖಾಲಿ ಬಿಟ್ಟುಹೋದ ಜಾಗದ ಮುಂದೆ ಕೂತಿರುವಾಗ ಆ ಪದ ಕೇಳಿದರೆ ಒಂಥರಾ ಆಗುತ್ತದೆ.

ಉದ್ದವಾಯಿತಾ? ಸೆಫಾರ್ದಿ, ಅಂದರೆ ಸ್ಪೇನ್ ಮೂಲದ ಯೆಹೂದಿಗಳ ಮನೆಗಳಲ್ಲಿ "ಮಿನ್ ಹಶಮಾಯಿಮ್ ತೆನುಹಾಮು" ಅನ್ನುತ್ತಾರೆ, ಮೇಲಿನಿಂದ ನಿಮಗೆ ಸಾಂತ್ವನ ಬರಲಿ ಅಂತ. ಇಸ್ರೇಲಿನಲ್ಲಿ ಎಲ್ಲರೂ ಹೇಳುವುದು "ಶೆಲೋ ತೆದ್‌ಊ ಓದ್ ತ್ಸಾಅರ್", ಇನ್ನು ದುಃಖ ಕಾಣದಿರಿ ಅಂತ. ಯಾವುದೂ ಬಾಯಿಗೆ ಬರದಿದ್ದರೆ ಕೈ ಮುಗಿದು ಬನ್ನಿ. ಮಡಿವಂತರ ಮನೆಯಲ್ಲಿ ಬೇರೆ ಗಂಡು ಹೆಣ್ಣು ಕೈಕುಲುಕುವುದಿಲ್ಲ, ಹಾಗಾಗಿ ನಮ್ಮ ನಮಸ್ಕಾರವೇ ಸಲೀಸು.

ನೀವಿರುವಾಗ ಪ್ರಾರ್ಥನೆ ಶುರುವಾದರೆ ಎದ್ದು ನಿಂತು ಸುಮ್ಮನಿರಿ. ಅಷ್ಟೇ.

ಹೆಜ್ಜೆ 7: ಏಳು ಮುಗಿದ ಮೇಲೆ ಮರೆಯಬೇಡಿ

ಏಳನೇ ದಿನ ಬೆಳಿಗ್ಗೆ ಮನೆಯವರು ಎದ್ದು ಹೊರಗೆ ಬಂದು ಬೀದಿಯಲ್ಲಿ ಒಂದು ಸುತ್ತು ನಡೆಯುವ ರೂಢಿಯಿದೆ. ಮತ್ತೆ ಲೋಕಕ್ಕೆ ಕಾಲಿಡುವುದು. ಆದರೆ ಒಮ್ಮೆಲೇ ಅಲ್ಲ. ಅಳಲು ಮೂರು ದಿನ, ಗೋಳಾಡಲು ಏಳು, ಕೂದಲು ಕತ್ತರಿಸದೆ ಇಸ್ತ್ರಿ ಬಟ್ಟೆ ಹಾಕದೆ ಇರಲು ಮೂವತ್ತು ಅಂತ ತಾಲ್ಮುಡ್ ಅಳತೆ ಹಾಕಿದೆ. ಮೂವತ್ತಕ್ಕೆ ಉಳಿದವರ ಶೋಕ ಮುಗಿಯುತ್ತದೆ. ತಂದೆ ತಾಯಿಗೆ ಮಾತ್ರ 12 ತಿಂಗಳು. ಅಷ್ಟೂ ದಿನ ಸಂಗೀತ, ಮದುವೆ ಪಾರ್ಟಿ ಇಲ್ಲ. ನಿಮ್ಮ ಸಹೋದ್ಯೋಗಿ ಆ ವರ್ಷ ನಿಮ್ಮ ಮನೆ ಕಾರ್ಯಕ್ರಮಕ್ಕೆ ಬರಲಿಲ್ಲ ಅಂದರೆ ಮುನಿಸಿಕೊಳ್ಳಬೇಡಿ.

ಈ ಅಳತೆ ನನಗೆ ಮೊದಲು ಕಟ್ಟುನಿಟ್ಟು ಅನಿಸಿತ್ತು. ಜೆರುಸಲೇಮಿನ ದೇವಾಲಯ ಕ್ರಿ.ಶ. 70ರಲ್ಲಿ ನಾಶವಾದ ಮೇಲೆ ಕೆಲವರು ಮಾಂಸ, ವೈನ್ ಎರಡನ್ನೂ ಪೂರ್ತಿ ಬಿಟ್ಟರಂತೆ. ದೇವರಿಗೇ ಅರ್ಪಿಸಲು ಆಗದ್ದನ್ನು ನಾವು ಹೇಗೆ ತಿನ್ನುವುದು ಅಂತ. ರಬ್ಬಿ ಯೆಹೋಶುವಾ ಅವರಿಗೆ ಹೇಳಿದರು: ಹಾಗಾದರೆ ರೊಟ್ಟಿಯನ್ನೂ ಬಿಡಿ, ಅದನ್ನೂ ಅರ್ಪಿಸುತ್ತಿದ್ದೆವು. ಹಣ್ಣು ಬಿಡಿ. ನೀರೂ ಬಿಡಿ. ಅವರು ಸುಮ್ಮನಾದರು. ಶೋಕಿಸದೇ ಇರುವುದೂ ಆಗದು, ಅತಿಯಾಗಿ ಶೋಕಿಸುವುದೂ ಆಗದು. ಮನೆಗೆ ಗಾರೆ ಮಾಡಿಸಿ, ಒಂದು ಸಣ್ಣ ಭಾಗ ಹಾಗೇ ಬಿಡಿ ಅಂದರು. ಈಗಲೂ ಕೆಲವು ಮಡಿವಂತರ ಮನೆಗಳಲ್ಲಿ ಬಾಗಿಲಿನ ಎದುರು ಬಣ್ಣವಿಲ್ಲದ ಒಂದು ಚೌಕ ಕಾಣುತ್ತದೆ.

ತಂದೆ ತಾಯಿಗಾಗಿ ಮಕ್ಕಳು ಕದ್ದೀಶ್ ಹೇಳುತ್ತಾರೆ. ಅರಮಾಯಿಕ್ ಭಾಷೆಯ ಪ್ರಾರ್ಥನೆ. ಅದರಲ್ಲಿ ಸಾವಿನ ಮಾತೇ ಇಲ್ಲ, ಬರೀ ದೇವರ ಸ್ತುತಿ. ಒಬ್ಬರೇ ಹೇಳುವಂತಿಲ್ಲ, ಹತ್ತು ಜನ ಸೇರಬೇಕು. ದುಃಖದಲ್ಲಿರುವವನನ್ನು ದಿನಾ ಮನೆಯಿಂದ ಎಬ್ಬಿಸಿ ಹತ್ತು ಜನರ ನಡುವೆ ನಿಲ್ಲಿಸುವ ಉಪಾಯ ಇದು ಅಂತ ನನ್ನ ಅನಿಸಿಕೆ. ಹೇಳುವುದು 11 ತಿಂಗಳು, 12 ಅಲ್ಲ. ತೀರಾ ಪಾಪಿಗಳಿಗೆ ಮಾತ್ರ ವಿಚಾರಣೆ 12 ತಿಂಗಳು ನಡೆಯುತ್ತದಂತೆ. ನಮ್ಮಪ್ಪ ಅಂಥವನಲ್ಲ ಅಂತ ಮಗ ಒಂದು ತಿಂಗಳು ಮುಂಚೆಯೇ ನಿಲ್ಲಿಸುತ್ತಾನೆ.

ಹಳೆಯ ಪದ್ಧತಿಯಲ್ಲಿ ಆ ಹತ್ತು ಜನ ಗಂಡಸರೇ, ಕದ್ದೀಶ್ ಹೇಳುವುದೂ ಗಂಡುಮಕ್ಕಳೇ. 1916ರಲ್ಲಿ ಅಮೆರಿಕದ ಯೆಹೂದಿ ನಾಯಕಿ ಹೆನ್ರಿಯೆಟ್ಟಾ ಜೋಲ್ಡ್ ಅವರ ತಾಯಿ ತೀರಿಕೊಂಡಾಗ ಒಬ್ಬ ಸ್ನೇಹಿತರು ಕದ್ದೀಶ್ ನಾನು ಹೇಳುತ್ತೇನೆ ಅಂದರು. ಹೆನ್ರಿಯೆಟ್ಟಾ ಪ್ರೀತಿಯಿಂದಲೇ ಬೇಡ ಅಂತ ಪತ್ರ ಬರೆದರು. ನನ್ನ ತಾಯಿಗೆ ಎಂಟು ಹೆಣ್ಣುಮಕ್ಕಳು, ಒಂದು ಗಂಡಿಲ್ಲ, ಅದಕ್ಕೆ ಅವರು ಯಾವತ್ತೂ ಬೇಸರಪಟ್ಟವರಲ್ಲ ಅಂತ. ಈಗ ಬಹಳ ಪಂಥಗಳಲ್ಲಿ ಹೆಣ್ಣುಮಕ್ಕಳೂ ಹೇಳುತ್ತಾರೆ.

ನಿಮ್ಮ ಕೆಲಸ ಏನು? ಎಂಟನೇ ದಿನ ಫೋನ್ ಮಾಡಿ. ಜನ ಬರುವುದು ನಿಂತ ದಿನ ಅದು.

ಹೆಜ್ಜೆ 8: ಸಮಾಧಿಗೆ ಹೋದರೆ ಒಂದು ಕಲ್ಲು

ಇಸ್ರೇಲಿನಲ್ಲಿ ಮೂವತ್ತನೇ ದಿನದ ಹೊತ್ತಿಗೆ ಸಮಾಧಿ ಕಲ್ಲು ನಿಲ್ಲಿಸುತ್ತಾರೆ, ಅಮೆರಿಕದಲ್ಲಿ ವರ್ಷದೊಳಗೆ. ಹೂವಿನ ಬದಲು ಒಂದು ಬೆಣಚುಕಲ್ಲು ಎತ್ತಿ ಸಮಾಧಿಯ ಮೇಲಿಡಿ. ಹೂ ಬಾಡುತ್ತದೆ, ಕಲ್ಲು ಇರುತ್ತದೆ, ಯಾರೋ ಬಂದಿದ್ದರು ಅಂತ ಗೊತ್ತಾಗುತ್ತದೆ. ಕಲ್ಲಿನ ಕೊನೆಯಲ್ಲಿ ಐದು ಹೀಬ್ರೂ ಅಕ್ಷರ ಇರುತ್ತವೆ. ಈ ಜೀವ ಬದುಕಿನ ಗಂಟಿನಲ್ಲಿ ಕಟ್ಟಿರಲಿ ಅನ್ನುವುದರ ಚುಟುಕು ರೂಪ ಅದು. ಬೆಂಗಳೂರಿನವರು ಇದನ್ನು ನೋಡಲು ದೂರ ಹೋಗಬೇಕಿಲ್ಲ. ಮೈಸೂರು ರಸ್ತೆಯಲ್ಲಿ ಒಂದು ಪುಟ್ಟ ಯೆಹೂದಿ ಸ್ಮಶಾನವಿದೆ.

ಹೆಜ್ಜೆ 9: ವರ್ಷದ ದಿನ

ಇದನ್ನು ಯಾರ್‌ಟ್ಸೈಟ್ ಅನ್ನುತ್ತಾರೆ. ನಮ್ಮ ತಿಥಿಯ ಹಾಗೆಯೇ, ಇಂಗ್ಲಿಷ್ ತಾರೀಕು ಲೆಕ್ಕಕ್ಕಿಲ್ಲ, ಹೀಬ್ರೂ ತಿಂಗಳ ದಿನವೇ ಮುಖ್ಯ. ಅವರದ್ದೂ ಚಂದ್ರನ ತಿಂಗಳು, ನಮ್ಮ ಅಧಿಕ ಮಾಸದಂತೆ 19 ವರ್ಷಕ್ಕೆ ಏಳು ಸಲ ಒಂದು ತಿಂಗಳು ಹೆಚ್ಚು ಸೇರಿಸುತ್ತಾರೆ. ಹಾಗಾಗಿ ಪ್ರತಿವರ್ಷ ದಿನ ಹಿಂದೆ ಮುಂದೆ ಆಗುತ್ತದೆ. ಒಮ್ಮೆ ಹೀಬ್ರೂ ದಿನ ಕೇಳಿ ಬರೆದಿಟ್ಟುಕೊಳ್ಳಿ. ಅವರ ದಿನ ಶುರುವಾಗುವುದು ಹಿಂದಿನ ಸಂಜೆ ಸೂರ್ಯ ಮುಳುಗಿದಾಗ. ಆಗ 24 ಗಂಟೆ ಉರಿಯುವ ಮೇಣದ ದೀಪ ಹಚ್ಚುತ್ತಾರೆ.

ಸಾವ್ತಾ ವರ್ಷಕ್ಕೆ ಹಲವು ದೀಪ ಹಚ್ಚುತ್ತಿದ್ದರು. ಅದರಲ್ಲೊಂದು ಅಪ್ಪನಿಗೆ. ಎರಡನೇ ಮಹಾಯುದ್ಧದ ಹೊತ್ತು, 1941ರಲ್ಲಿ, ರೊಮೇನಿಯಾದ ಬುಕೊವಿನಾ ಪ್ರಾಂತ್ಯದ ಯೆಹೂದಿಗಳನ್ನು ಪೂರ್ವದಲ್ಲಿ ಶಿಬಿರಗಳಿದ್ದ ಟ್ರಾನ್ಸ್‌ನಿಸ್ಟ್ರಿಯಾಗೆ ಅಟ್ಟಿದಾಗ ಅವರ ಅಪ್ಪ ಹಿಂದೆ ಬರಲಿಲ್ಲ. ಸತ್ತ ದಿನ ಗೊತ್ತಿಲ್ಲ, ಸಮಾಧಿ ಇಲ್ಲ. ಇಂಥವರಿಗಾಗಿ ಇಸ್ರೇಲಿನ ಮುಖ್ಯ ರಬ್ಬಿಗಳ ಮಂಡಳಿ ತೆವೇತ್ ತಿಂಗಳ ಹತ್ತನೇ ದಿನವನ್ನು ಗೊತ್ತು ಮಾಡಿದೆ. ದಿನ ಗೊತ್ತಿಲ್ಲದವರಿಗೆಲ್ಲ ಅವತ್ತೇ ಕದ್ದೀಶ್. ಅಪ್ಪನ ಹೆಸರನ್ನು ಸಾವ್ತಾ ಜೆರುಸಲೇಮಿನ ಯಾದ್ ವಶೆಮ್‌ಗೂ ಬರೆದು ಕೊಟ್ಟಿದ್ದರು. 1953ರಲ್ಲಿ ಶುರುವಾದ ಆ ಸಂಸ್ಥೆ ನಾಜಿ ಕಾಲದ ನರಮೇಧದಲ್ಲಿ ಸತ್ತ ಯೆಹೂದಿಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಹಾಳೆಯಂತೆ ಹೆಸರು ಕೂಡಿಡುತ್ತಿದೆ. ಅಪ್ಪನ ಕೆಲಸ ಏನು ಅನ್ನುವ ಜಾಗದಲ್ಲಿ ಸಾವ್ತಾ "ದರ್ಜಿ" ಅಂತ ಬರೆದಿದ್ದನ್ನು ನನಗೆ ತೋರಿಸಿದ್ದರು.

ಯಾರ್‌ಟ್ಸೈಟ್ ದಿನ ಸ್ನೇಹಿತರಿಗೆ ಏನು ಕಳಿಸುವುದು? ಹೆಸರಿನ ನಂತರ "ಜಿಖ್ರೋನಾ ಲಿವ್ರಾಖಾ" ಅಂತ ಬರೆಯಿರಿ, ಅವರ ನೆನಪು ಆಶೀರ್ವಾದವಾಗಲಿ ಅಂತ. ಗಂಡಸಾದರೆ "ಜಿಖ್ರೋನೋ". ಜೊತೆಗೆ ಒಂದು ನೆನಪು ಸೇರಿಸಿ. ಊರಿಗೆ ವಾಪಸ್ ಬಂದ ಮೇಲೆ ನಾನು ಪ್ರತಿವರ್ಷ ಸಾವ್ತಾ ಮಗಳಿಗೆ ಹಾಗೆ ಮಾಡುತ್ತೇನೆ, ಪ್ರತಿ ಸಲ ಬೇರೆ ನೆನಪು. ಕಳೆದ ಸಲ ಹುಡುಕಿ ಹುಡುಕಿ ಒಂದೂ ಹೊಸದು ಸಿಗಲಿಲ್ಲ, ಮಮಲಿಗಾದ ಕಥೆಯನ್ನೇ ಮತ್ತೆ ಬರೆದೆ. ಹತ್ತು ನಿಮಿಷಕ್ಕೆ ಉತ್ತರ ಬಂತು. "ಈಗಲಾದರೂ ದಾರದಿಂದ ಕತ್ತರಿಸುತ್ತೀಯಾ?"